ಕಂದಾಗುವ ಕೆಂಪು

ಮಾರ್ಚ್ 4

ಅಕ್ಕನ ಮಗಳು ಚಿನಕುರಳಿಗೆ,

ಇಲ್ಲಿ ಎಲ್ಲವೂ ಸರಿಯಾಗಿದೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಹಳ್ಳಿ ಶಾಲೆಯ ಮೇಷ್ಟ್ರು ನಮಗೆ ಕಾಗದ ಬರೆಯಲು ಕಲಿಸಿದ್ದೇ ಹಾಗೆ. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಕ್ಷೇಮ, ಆಮೇಲೆ ಬೆಂಕಿ. ಗಾಬರಿ ಬೇಡ, ಬೆಂಕಿ ಬಿದ್ದಿಲ್ಲ.

ಫೋನ್ ಯಾಕೆ ಎತ್ತುವುದಿಲ್ಲ ಎಂದು ಕೇಳಿದ್ದೀಯ. ಜೀವಮಾನವೆಲ್ಲ ಬಣ್ಣದ ಕಾರ್ಖಾನೆಯ ಯಂತ್ರಗಳ ಪಕ್ಕ ನಿಂತವನ ಕಿವಿ ಕಣೇ ಇದು. ಫೋನಿನಲ್ಲಿ ನಿನ್ನ ದನಿ ಡಬ್ಬಿಯೊಳಗೆ ಸಿಕ್ಕಿಕೊಂಡ ನೊಣದ ಹಾಗೆ ಕೇಳಿಸುತ್ತದೆ. ನಾನು ಹೂಂ ಅನ್ನುತ್ತೇನೆ, ಯಾವುದಕ್ಕೆ ಹೂಂ ಅಂದೆ ಎಂದು ನೀನು ಬೈಯುತ್ತೀಯ. ಕಾಗದವೇ ವಾಸಿ. ಮೇಲಾಗಿ ನನ್ನ ಅಕ್ಷರ ಎಂಥದ್ದು ಎಂದರೆ, ವಿಳಾಸ ಓದಿದ ಪೋಸ್ಟ್‌ಮ್ಯಾನ್ ಒಳಗಿನದನ್ನೂ ಓದಲು ಆಸೆಪಡುತ್ತಾನೆ.

ಹೊರಗಿನ ಸದ್ದು ಕೇಳಿಸದಿದ್ದರೂ ಒಳಗಿನದು ಚೆನ್ನಾಗಿ ಕೇಳಿಸುತ್ತದೆ. ಎದೆಯಲ್ಲಿ ಡಾಕ್ಟರು ಕೂರಿಸಿದ ಲೋಹದ ಕವಾಟ, ಮನೆ ಸುಮ್ಮನಿದ್ದಾಗ ಟಿಕ್ ಟಿಕ್ ಅನ್ನುತ್ತದೆ. ಗಡಿಯಾರ ಕಟ್ಟಿಕೊಂಡವರನ್ನು ನೋಡಿದ್ದೀಯ, ನಿನ್ನ ಮಾವ ಗಡಿಯಾರ ನುಂಗಿದವನು. ಆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಕೊಟ್ಟಿರುವ, ರಕ್ತ ತೆಳು ಮಾಡುವ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೇನೆ. ತಿಂಗಳು ತಿಂಗಳು ರಕ್ತ ಪರೀಕ್ಷೆ ಮಾಡಿಸಬೇಕಂತೆ. ನನ್ನ ರಕ್ತ ನನಗೆ ಗೊತ್ತಿಲ್ಲವೇ? ಅದನ್ನು ಬಿಟ್ಟಿದ್ದೇನೆ. ಮಂಡಿನೋವಿಗೆ ಮೆಡಿಕಲ್ ಶಾಪಿನವನು ಒಂದು ಹಳದಿ ಗುಳಿಗೆ ಕೊಟ್ಟಿದ್ದಾನೆ, ಅದೂ ನಡೆಯುತ್ತಿದೆ. ಒಟ್ಟಿನಲ್ಲಿ ಕುದುರೆಯ ಹಾಗಿದ್ದೇನೆ.

ಸಂಜೆಯಾದರೆ ಇಸ್ಪೀಟಿನ ಗೆಳೆಯರು ಬಂದು ಕೂರುತ್ತಾರೆ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಏಳ್ರಪ್ಪ ಎಂದರೂ ಏಳುವವರಲ್ಲ.

ಈಗ ನಿಜವಾದ ಸುದ್ದಿ. ಮೊನ್ನೆ ಬೆಳಿಗ್ಗೆ ನನ್ನಿಂದ ಒಂದು ಹೊಸ ಕೆಂಪು ಹೊರಬಂತು. ಇಷ್ಟು ವರ್ಷ ಬಾನಿಗಟ್ಟಲೆ ಬಣ್ಣ ಕುದಿಸಿದ ನಾನೇ ಕಾಣದ ಕೆಂಪು. ದಾಸವಾಳವಲ್ಲ, ದಾಳಿಂಬೆಯಲ್ಲ, ಇಟ್ಟಿಗೆಯಲ್ಲ. ಬಿಳಿ ಪಿಂಗಾಣಿಯ ಮೇಲೆ ಬಿದ್ದು ನೀರಿನಲ್ಲಿ ಹರಡಿಕೊಂಡಾಗ ಸುಮ್ಮನೆ ನಿಂತು ನೋಡಿದೆ. ಯಾವ ಪುಡಿಯನ್ನೂ ಕಲಸಿರಲಿಲ್ಲ. ಎಲ್ಲಿಂದ ಬಂತು ಎಂದು ಹೆಣ್ಣುಮಗಳಿಗೆ ಬರೆಯುವುದು ಮರ್ಯಾದೆಯಲ್ಲ. ಎಡಪಕ್ಕೆ ಸ್ವಲ್ಪ ಹಿಡಿದುಕೊಂಡಿದೆ, ಅದು ಬೇರೆ ವಿಷಯ. ಒಗಟು ಬಿಡಿಸಿದರೆ ನೀನು ಜಾಣೆ.

ನಿನ್ನ ಗಂಡನಿಗೆ, ಅಂದರೆ ನೂರು ಗಂಡುಗಳನ್ನು ಜಾಲಾಡಿ ನಾನು ಆರಿಸಿದ ಚಿನ್ನದಂಥ ಅಳಿಯನಿಗೆ, ನನ್ನ ಆಶೀರ್ವಾದ.

ಇಂತಿ ನಿನ್ನ ಮಾವ,
ಬಣ್ಣದ ಬಾನಿಯ ದೊರೆ

ಮಾರ್ಚ್ 12

ಮಾವ,

ಒಗಟು ಬಿಡಿಸಿದೆ. ಕೆಲಸ ಬಿಡುವ ಮುಂಚೆ ಒಂದು ಹೊಸ ಬಣ್ಣ ಹುಟ್ಟಿಸಿ ಕಾರ್ಖಾನೆಯವರ ಬಾಯಿ ಮುಚ್ಚಿಸುತ್ತೇನೆ ಎಂದು ಹೋದ ವರ್ಷವೇ ಜಂಬ ಕೊಚ್ಚಿದ್ದೆ. ಕೊನೆಗೂ ಹುಟ್ಟಿಸಿದೆಯಲ್ಲ. ಪಿಂಗಾಣಿ ಬಟ್ಟಲಿನಲ್ಲಿ ಬಣ್ಣ ತೇಲಿಬಿಟ್ಟು ನೋಡುವುದು ನಿನ್ನ ಹಳೆಯ ಅಭ್ಯಾಸ ಎಂದು ನನಗೆ ಗೊತ್ತಿಲ್ಲವೇ?

ಆ ಕೆಂಪಿನಲ್ಲಿ ನನಗೊಂದು ಗಜ ಬಟ್ಟೆ ಅದ್ದಿ ಕಳಿಸು. ಕುತ್ತಿಗೆಗೆ ಸುತ್ತಿಕೊಳ್ಳುತ್ತೇನೆ. ನಮ್ಮ ಹೋಟೆಲಿನ ಲಾಂಡ್ರಿ ನೆಲಮಾಳಿಗೆಯಲ್ಲಿದೆ. ಬಿಳಿ ಹಾಸು, ಬಿಳಿ ಟವೆಲು, ಬಿಳಿ ಗೋಡೆ, ಬಿಳಿ ಟ್ಯೂಬ್‌ಲೈಟು. ಬೇರೆ ಬಣ್ಣ ಕಂಡರೆ ಅದನ್ನು ತೆಗೆಯುವುದೇ ನಮ್ಮ ಕೆಲಸ. ನಿನಗೆ ಕಲೆ ಎಂದರೆ ಕಲೆ, ನಮಗೆ ಕಲೆ ಎಂದರೆ ಕಲೆ.

ನನ್ನನ್ನು ಆ ವಿಭಾಗಕ್ಕೆ ಮೇಲ್ವಿಚಾರಕಿ ಮಾಡಿದ್ದಾರೆ. ನಾನು ಒಳಗೆ ಬಂದರೆ ಹುಡುಗಿಯರು ಮಾತು ನಿಲ್ಲಿಸುತ್ತಾರೆ. ಊಟದ ಹೊತ್ತಿನಲ್ಲಿ ನನ್ನ ಮೇಜಿಗೆ ಯಾರೂ ಬರುವುದಿಲ್ಲ. ದೊಡ್ಡ ಹುದ್ದೆ ಎಂದರೆ ಇದೇ ಇರಬೇಕು.

ಪಕ್ಕೆಗೆ ಬಿಸಿನೀರಿನ ಚೀಲ ಇಟ್ಟುಕೋ. ರಕ್ತ ಪರೀಕ್ಷೆ ಮಾಡಿಸು, ಕುದುರೆ ಗಿದುರೆ ಎಂದು ಬೊಗಳೆ ಬಿಡಬೇಡ.

ನಿನ್ನ ಅಳಿಯ ನಮಸ್ಕಾರ ತಿಳಿಸಿದ್ದಾರೆ.

ಚಿನಕುರಳಿ

ಮಾರ್ಚ್ 19

ಜಾಣೆ ಚಿನಕುರಳಿಗೆ,

ನಿನ್ನ ಕಾಗದ ಓದಿ ನಕ್ಕೆ. ನಕ್ಕರೆ ಪಕ್ಕೆ ನೋಯುತ್ತದೆ, ಆದರೂ ನಕ್ಕೆ. ಆ ಕೆಂಪಿನಲ್ಲಿ ಬಟ್ಟೆ ಅದ್ದಿ ಕೊಡು ಎಂದು ಕೇಳಿದವಳು ಈ ಭೂಮಿಯ ಮೇಲೆ ನೀನೊಬ್ಬಳೇ.

ಕಳಿಸಲಾರೆ ಕಣೇ. ಅದು ಹೇಳಿದ ಮಾತು ಕೇಳುವ ಬಣ್ಣವಲ್ಲ. ಎರಡು ದಿನ ಬರುತ್ತದೆ, ಆಮೇಲೆ ಇಲ್ಲ. ಪೀಡೆ ತೊಲಗಿತು ಎಂದು ಎದೆಯುಬ್ಬಿಸಿಕೊಂಡು ಓಡಾಡುವಷ್ಟರಲ್ಲಿ ಮತ್ತೆ ಹಾಜರು. ಒಮ್ಮೆ ತಿಳಿ ಗುಲಾಬಿ, ಒಮ್ಮೆ ಹಾಲು ಹಾಕದ ಚಹಾ. ಹೋದ ಗುರುವಾರ ನೂಲಿನ ತುಂಡುಗಳ ಹಾಗೆ ಎಳೆ ಎಳೆಯಾಗಿ ಬಂತು. ಮೇಲಾಗಿ ಅದು ನಿಲ್ಲುವ ಬಣ್ಣವೂ ಅಲ್ಲ. ಒಂದು ಬಿಳಿ ಬಟ್ಟೆಗೆ ತಾಗಿದ್ದನ್ನು ಕಿಟಕಿಯ ಹತ್ತಿರ ಹರವಿದ್ದೆ. ಸಂಜೆಗೆ ಒಣಗಿ ಕಂದಾಗಿಬಿಟ್ಟಿತ್ತು. ತೆಗೆಯೋಣ ಎಂದು ಬಿಸಿನೀರು ಹೊಯ್ದರೆ ಇನ್ನೂ ಗಟ್ಟಿಯಾಗಿ ಕೂತಿತು. ಹೀಗೆ ಮೊಂಡು ಹಿಡಿಯುವ ಬಣ್ಣ ನಮ್ಮ ವಂಶದ್ದೇ ಇರಬೇಕು.

ಕಾರ್ಖಾನೆಯವರು ನನಗೆ ಸ್ವಲ್ಪ ದಿನ ರಜೆ ಕೊಟ್ಟಿದ್ದಾರೆ. ನಾನು ಕೇಳಿದ್ದಲ್ಲ, ಅವರೇ ಕೈಮುಗಿದು ಕೊಟ್ಟದ್ದು. ಮೇಸ್ತ್ರಿ, ನೀವು ಬಾನಿ ಹತ್ರ ನಿಲ್ಲಬೇಡಿ, ಮುಖ ಬಿಳಿಚಿಕೊಂಡಿದೆ ಎಂದರು. ಬಣ್ಣದವನ ಮುಖಕ್ಕೂ ಬಣ್ಣ ಇರಬೇಕು ಎನ್ನುವುದು ಅವರ ಆಸೆ.

ಮೇಲ್ವಿಚಾರಕಿ ಆದದ್ದಕ್ಕೆ ಶಾಭಾಷ್. ಮೇಜು ಖಾಲಿಯಿದ್ದರೇನು, ಕಾಲು ಚಾಚಿಕೊಂಡು ಉಣ್ಣು. ಇಲ್ಲಿ ನನಗಂತೂ ಜನಜಂಗುಳಿಯಲ್ಲಿ ಒಂದು ತುತ್ತು ನೆಮ್ಮದಿಯಾಗಿ ಇಳಿಯುವುದಿಲ್ಲ.

ಅಳಿಯನಿಗೆ ಆಶೀರ್ವಾದ.

ನಿನ್ನ ಮಾವ

ಮಾರ್ಚ್ 26

ಮಾವ,

ನಿನ್ನ ಕಾಗದವನ್ನು ಲಾಂಡ್ರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಮೊದಲ ಸಲ ನಕ್ಕುಕೊಂಡು ಓದಿದೆ. ಎರಡನೆಯ ಸಲ ನಗಲಿಲ್ಲ.

ಒಣಗಿದ ಮೇಲೆ ಕಂದಾಗುವ ಕೆಂಪು. ಬಿಸಿನೀರು ತಾಗಿದರೆ ಇನ್ನೂ ಗಟ್ಟಿಯಾಗಿ ಕೂರುವ ಕೆಂಪು. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಮೊದಲ ದಿನವೇ ಹೇಳಿಕೊಡುವುದು ಅದನ್ನೇ. ಹಾಸಿನ ಮೇಲೆ ಅಂಥದ್ದು ಕಂಡರೆ ತಣ್ಣೀರು ಹಾಕಿ, ಬಿಸಿನೀರು ಮುಟ್ಟಿಸಬೇಡಿ ಎನ್ನುತ್ತೇನೆ.

ಅದು ನಿನ್ನ ರಕ್ತ. ಪಿಂಗಾಣಿ ಎಂದರೆ ಯಾವ ಪಿಂಗಾಣಿ ಎಂದೂ ಈಗ ಗೊತ್ತಾಯಿತು. ಅದರಲ್ಲಿ ನಾನು ಬಟ್ಟೆ ಅದ್ದಿ ಕಳಿಸು ಎಂದೆ. ನೀನು ನಕ್ಕೆಯಂತೆ. ನನಗೆ ನಿನ್ನ ಮೇಲೆ ಬಂದ ಸಿಟ್ಟು ಇಷ್ಟು ಅಷ್ಟಲ್ಲ.

ಈ ಕಾಗದ ಕೈಸೇರಿದ ಕೂಡಲೇ ಆಸ್ಪತ್ರೆಗೆ ಹೋಗು. ಆ ಹಳದಿ ಗುಳಿಗೆಯನ್ನು ಕಿಟಕಿಯಿಂದಾಚೆ ಎಸೆ. ಆಸ್ಪತ್ರೆಯ ಫೋನ್ ನಂಬರ್ ಬರೆ. ನಿನ್ನ ಜೊತೆ ಆಗದಿದ್ದರೆ ಡಾಕ್ಟರ ಜೊತೆ ಮಾತಾಡುತ್ತೇನೆ.

ನಾನು ಬರಲೇ?

ನಿನ್ನ ಅಳಿಯ ನಮಸ್ಕಾರ ತಿಳಿಸಿದ್ದಾರೆ.

ಏಪ್ರಿಲ್ 2

ಚಿನಕುರಳಿ,

ನಿನ್ನ ಮಾವನ ಬಣ್ಣ ಬಯಲಾಯಿತು.

ಇದನ್ನು ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ನೆರೆಮನೆಯವರು ಇಲ್ಲಿಗೆ ತಂದುಕೊಟ್ಟರು. ಅಷ್ಟರಲ್ಲಿ ನಾನೇ ಬಂದು ಸೇರಿಕೊಂಡಿದ್ದೆ, ಆದ್ದರಿಂದ ನಿನ್ನ ಮಾತು ಕೇಳಿ ಬಂದೆ ಎಂದು ಬೀಗಬೇಡ. ಸಂಬಳ ತರಲು ಕಾರ್ಖಾನೆಗೆ ಹೋದವನಿಗೆ ಪಕ್ಕೆಯಲ್ಲಿ ಯಾರೋ ಕಡಗೋಲು ಆಡಿಸಿದಂತಾಯಿತು. ಲಾರಿಯಲ್ಲಿ ಬಟ್ಟೆಯ ಮೂಟೆಗಳ ಮೇಲೆ ಮಲಗಿಸಿ ಕರೆತಂದರು. ಮಹಾರಾಜರಿಗೂ ಅಷ್ಟು ಮೆತ್ತನೆಯ ಸವಾರಿ ಸಿಕ್ಕಿರಲಿಕ್ಕಿಲ್ಲ.

ಇಲ್ಲೊಬ್ಬರು ಡಾಕ್ಟರಮ್ಮ ಇದ್ದಾರೆ, ನಿನಗಿಂತ ಚಿಕ್ಕವರು. ಎಲ್ಲಾದರೂ ಬಿದ್ದಿರಾ, ಪಕ್ಕೆಗೆ ಏಟು ಬಿತ್ತಾ, ಯಾರಾದರೂ ಹೊಡೆದರಾ ಎಂದು ಮೂರು ಥರ ಕೇಳಿದರು. ನನ್ನನ್ನು ಹೊಡೆಯುವ ಗಂಡಸು ಇನ್ನೂ ಹುಟ್ಟಿಲ್ಲ ಎಂದೆ. ಹಾಗಾದರೆ ಇದು ತಾನಾಗಿಯೇ ಆದದ್ದು ಎಂದರು. ನನಗೆ ಅವಮಾನವಾಯಿತು ಕಣೇ. ನನ್ನ ಮೈಯಲ್ಲಿ, ನನ್ನನ್ನು ಒಂದು ಮಾತು ಕೇಳದೆ, ತಾನಾಗಿಯೇ?

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಹಳದಿ ಗುಳಿಗೆಯೂ ಸೇರಿ ನನ್ನ ರಕ್ತ ನೀರಾಗಿಬಿಟ್ಟಿದೆ. ಎಡಗಡೆಯ ಮೂತ್ರಪಿಂಡದಲ್ಲಿ (ಹೆಸರಲ್ಲೇ ಪಿಂಡವಿದೆ, ಆ ಪದ ನನಗೆ ಹಿಡಿಸುವುದಿಲ್ಲ, ಕಿಡ್ನಿ ಅನ್ನೋಣ) ಮೂತ್ರ ಬಂದು ಸೇರುವ ಆಲಿಕೆಯಂಥ ಒಂದು ಭಾಗವಿದೆ. ಅದರ ಗೋಡೆಯೊಳಗೆ ರಕ್ತ ಜಿನುಗಿದೆ. ಸ್ಕ್ಯಾನಿನಲ್ಲಿ ಆ ಗೋಡೆ ಉಬ್ಬಿಕೊಂಡು ಕಾಣುತ್ತದೆ. ಉಬ್ಬಿರುವುದು ಬರೀ ರಕ್ತವೋ, ಗಡ್ಡೆಯೋ, ಚಿತ್ರ ನೋಡಿ ಹೇಳಲಾಗುವುದಿಲ್ಲವಂತೆ. ದೊಡ್ಡ ಸರ್ಜನ್ನರು ಕಿಡ್ನಿಯನ್ನೇ ತೆಗೆದುಬಿಡೋಣ, ಬದುಕಲು ಒಂದಿದ್ದರೆ ಸಾಕು ಎನ್ನುತ್ತಾರೆ. ಡಾಕ್ಟರಮ್ಮ ಕಾಯೋಣ ಎನ್ನುತ್ತಾರೆ. ರಕ್ತವಾಗಿದ್ದರೆ ಕೆಲವು ವಾರಗಳಲ್ಲಿ ಕರಗುತ್ತದೆ, ಗಡ್ಡೆಯಾಗಿದ್ದರೆ ಕರಗುವುದಿಲ್ಲ, ಆಗ ತೆಗೆಯೋಣ ಎಂದು ಅವರ ವಾದ. ಆದರೆ ಕಾಯುವಷ್ಟು ದಿನ ಮಾತ್ರೆ ನಿಲ್ಲಿಸಬೇಕು. ನಿಲ್ಲಿಸಿ ಬರೀ ಸಣ್ಣ ಚುಚ್ಚುಮದ್ದಿನ ಮೇಲೆ ಇದ್ದರೆ ಎದೆಯ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ತಲೆಗೆ ಏರುವ ಭಯ. ಅತ್ತ ದರಿ, ಇತ್ತ ಹುಲಿ. ನಡುವೆ ನಿನ್ನ ಮಾವ, ಎರಡಕ್ಕೂ ಕೈಬೀಸುತ್ತಿದ್ದಾನೆ.

ಮನೆಗೆ ಹೋಗಿ ಕಾಯಬಹುದು, ಆದರೆ ಒಬ್ಬನೇ ಇರಕೂಡದು ಎಂದು ಡಾಕ್ಟರಮ್ಮ ಷರತ್ತು ಹಾಕಿದ್ದಾರೆ. "ಮಾತು ತೊದಲಿದ್ರೆ, ಬಾಯಿ ಸೊಟ್ಟ ಆದ್ರೆ ನಿಮಗೆ ಗೊತ್ತಾಗಲ್ಲ ಮೇಸ್ತ್ರಿ. ಪಕ್ಕದಲ್ಲಿರೋರಿಗೆ ಗೊತ್ತಾಗುತ್ತೆ. ನಿಮ್ಮ ಜೊತೆ ದಿನಾ ಕೂತು ಮಾತಾಡೋರು ಒಬ್ರು ಬೇಕು." ಇಸ್ಪೀಟಿನ ಗೆಳೆಯರು ನಾನು ತಾನು ಎಂದು ಕಿತ್ತಾಡುತ್ತಾರೆ, ಸರದಿ ಹಾಕಿಸಬೇಕಾದೀತು ಎಂದೆ.

ಇಲ್ಲಿ ನನ್ನ ಮಂಚದ ಪಕ್ಕದ ಕಿಟಕಿಯಲ್ಲಿ ದಿನಕ್ಕೊಂದು ಮೂತ್ರದ ಗಾಜಿನ ಸೀಸೆ ಸಾಲಾಗಿ ಇಡುತ್ತಾರೆ, ಕೆಂಪು ಏರಿತೋ ಇಳಿಯಿತೋ ನೋಡಲು. ನರ್ಸಮ್ಮ ಬಂದು, ಇವತ್ತು ಯಾವ ಬಣ್ಣ ಮೇಸ್ತ್ರಿ ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ. ಕಾರ್ಖಾನೆಯಲ್ಲಿ ನನಗೆ ಇಷ್ಟು ಗೌರವ ಇರಲಿಲ್ಲ.

ನೀನು ಬರಬೇಡ. ಹೊಸ ಹುದ್ದೆ, ಅದೂ ಅಲ್ಲದೆ ಗಂಡನನ್ನು ಒಬ್ಬನೇ ಬಿಟ್ಟು ಬರುವುದು ಸರಿಯಲ್ಲ. ಬರಬೇಡ. ಫೋನ್ ನಂಬರ್ ಎದುರು ಗೋಡೆಯ ಮೇಲಿದೆ, ಆದರೆ ಕನ್ನಡಕ ಮನೆಯಲ್ಲಿ ಉಳಿದಿದೆ.

ನಿನ್ನ ಮಾವ

ಏಪ್ರಿಲ್ 7

ಮಾವ,

ಕನ್ನಡಕವಿಲ್ಲದೆ ನಾಲ್ಕು ಪುಟ ಬರೆದೆಯಾ? ಗೋಡೆಯ ಮೇಲಿನ ನಂಬರು ಮಾತ್ರ ಕಾಣಲಿಲ್ಲ, ಅಲ್ಲವೇ?

ಇರಲಿ. ಗೆಳೆಯರಿದ್ದಾರೆ ಎಂದು ಓದಿ ಉಸಿರು ಬಿಟ್ಟೆ. ಅವರಲ್ಲಿ ಜಾಸ್ತಿ ಮಾತಾಡುವವರನ್ನೇ ಪಕ್ಕದಲ್ಲಿ ಇಟ್ಟುಕೋ. ಒಂದೇ ಕಾಗದದಲ್ಲಿ ಎರಡು ಸಲ ಬರಬೇಡ ಎಂದು ಬರೆದಿದ್ದೀಯ. ನಾನು ಬಂದರೆ ಆಟ ಕೆಡುತ್ತದೆ ಎಂದಿರಬೇಕು. ಬರುವುದಿಲ್ಲ ಬಿಡು. ನನಗೂ ಇಲ್ಲಿ ಪುರುಸೊತ್ತಿಲ್ಲ. ನಿನ್ನೆ ನನ್ನ ಅಡುಗೆಮನೆಯ ದೀಪ ಹೋಯಿತು, ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತಿ ಬದಲಾಯಿಸಿದೆ. ಇಳಿಯುವಾಗ ಎಲ್ಲಿ ಬೀಳುತ್ತೇನೋ ಎಂದು ಬಹಳ ಹೊತ್ತು ಮೇಲೆಯೇ ನಿಂತಿದ್ದೆ. ಕಿಟಕಿಯ ಎದುರು ಇನ್ನೊಂದು ಕಟ್ಟಡದ ಗೋಡೆ ಬಿಟ್ಟರೆ ಏನೂ ಕಾಣಿಸುವುದಿಲ್ಲ. ಅಷ್ಟು ಎತ್ತರದಿಂದ ನೋಡಿದರೂ ಗೋಡೆಯೇ.

ಯಾವ ಗೆಳೆಯರು ಬಂದರು ಎಂದು ಬರೆ.

ನಿನ್ನ ಅಳಿಯ ನಮಸ್ಕಾರ ತಿಳಿಸಿದ್ದಾರೆ.

ಚಿನಕುರಳಿ

ಏಪ್ರಿಲ್ 12

ಮಗಳೇ,

ಯಾವ ಗೆಳೆಯರು ಬಂದರು ಎಂದು ಕೇಳಿದ್ದೀಯ. ಒಬ್ಬ ತೀರಿಕೊಂಡು ವರ್ಷಗಳಾದವು. ಇನ್ನೊಬ್ಬ ಮಗಳ ಮನೆ ಸೇರಿಕೊಂಡ, ದೂರದ ಊರು. ಮೂರನೆಯವನಿಗೆ ತನ್ನ ಮನೆಯ ಬಾಗಿಲೇ ಮರೆತುಹೋಗುತ್ತದೆ, ನನ್ನದು ಎಲ್ಲಿ ನೆನಪಿರಬೇಕು? ಸಂಜೆ ನಾನೇ ನಾಲ್ಕು ಕೈ ಎಲೆ ಹಂಚಿ, ಒಂದೊಂದು ಕಡೆ ಎದ್ದು ಹೋಗಿ ಕೂತು, ನಾಲ್ಕೂ ಕೈ ಆಡುತ್ತಿದ್ದೆ. ಒಂದು ದಿನವೂ ಸೋತಿಲ್ಲ. ಸೋಲಿಲ್ಲದ ಸರದಾರ.

ಇಲ್ಲಿ ಸಂಜೆ ನೋಡಲು ಬರುವವರ ಹೊತ್ತು ಎಂದು ಗಂಟೆ ಬಾರಿಸುತ್ತಾರೆ. ಎಲ್ಲ ಮಂಚಗಳ ಸುತ್ತಲೂ ಜನ, ಕುರ್ಚಿ ಸಾಲುವುದಿಲ್ಲ. ನನ್ನ ಮಂಚದ ಪಕ್ಕದ ಕುರ್ಚಿಯನ್ನು ಯಾರಾದರೂ ಬಂದು, ಇದು ಖಾಲಿನಾ ತಾತ, ತಗೊಂಡು ಹೋಗಲಾ ಎನ್ನುತ್ತಾರೆ. ತಗೊಳ್ಳಿ, ನಮ್ಮವರು ಬರೋದು ಸ್ವಲ್ಪ ತಡ ಎಂದು ಹೇಳಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುತ್ತೇನೆ. ಗಂಟೆ ಮತ್ತೆ ಬಾರಿಸಿದ ಮೇಲೆ ಕುರ್ಚಿಯನ್ನು ತಂದಿಟ್ಟು ಹೋಗುತ್ತಾರೆ. ಒಳ್ಳೆಯ ಜನ.

ದೊಡ್ಡ ಸರ್ಜನ್ನರು ದಿನವೂ ಕೇಳುವುದು ಒಂದೇ, ನಿಮ್ಮ ಕಡೆಯವರು ಯಾರು, ನಿಮ್ಮ ಕಡೆಯವರು ಬಂದರೇ? ನಮ್ಮ ಕಡೆಯವರಲ್ಲಿ ನಾನೇ ಕಡೆಯವನು ಸ್ವಾಮಿ ಎಂದು ಹೇಳಬೇಕೆಂದುಕೊಂಡೆ. ಮಾತು ಚೆನ್ನಾಗಿತ್ತು, ಇನ್ನೊಬ್ಬರು ಆಡಿದ್ದರೆ ನಗುತ್ತಿದ್ದೆ. ಬಾಯಿಗೆ ಬರಲಿಲ್ಲ.

ಯಾರೂ ಇಲ್ಲದಿದ್ದರೆ ಮನೆಗೆ ಕಳಿಸಲಾಗುವುದಿಲ್ಲ, ತಿಂಗಳುಗಟ್ಟಲೆ ಇಲ್ಲಿ ಇಟ್ಟುಕೊಳ್ಳಲೂ ಆಗುವುದಿಲ್ಲ, ಇಪ್ಪತ್ತೆರಡನೇ ತಾರೀಖಿಗೆ ಕಿಡ್ನಿ ತೆಗೆದುಬಿಡುತ್ತೇವೆ ಎಂದಿದ್ದಾರೆ. ಗಡ್ಡೆಯಾಗಿದ್ದರೆ ತೆಗೆಯಲಿ, ನಾನೇನೂ ಹೆದರುವವನಲ್ಲ. ಬರೀ ರಕ್ತವಾಗಿದ್ದರೆ? ಪಕ್ಕದಲ್ಲಿ ಕೂರುವವರಿಲ್ಲ ಎಂಬ ಒಂದೇ ಕಾರಣಕ್ಕೆ ಮೈಯೊಳಗಿನ ಒಂದು ವಸ್ತುವನ್ನು ಕಿತ್ತು ಎಸೆಯುವುದು ಎಂದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ನಿನಗೆ ರಜೆಯ ತೊಂದರೆ ಬೇಡ. ನಿನ್ನ ಗಂಡನನ್ನು ಒಂದು ಮೂರು ವಾರ ಎರವಲು ಕೊಡು. ಅವನಿಗೆ ನನ್ನ ಮಾತು ಕೇಳಿ ರೂಢಿಯಿದೆ. ಮದುವೆಯ ಮಾತುಕತೆಯಲ್ಲಿ ಒಂದು ಇಡೀ ಮಧ್ಯಾಹ್ನ ಎದ್ದು ಹೋಗದೆ ಕೂತವನು ಅವನೊಬ್ಬನೇ, ಅದಕ್ಕೇ ಅವನನ್ನು ಆರಿಸಿದ್ದು. ಸುಸ್ಥಿತಿಯಲ್ಲಿ ಹಿಂದಿರುಗಿಸುತ್ತೇನೆ.

ಮಾವ

ಏಪ್ರಿಲ್ 16

ಮಾವ,

ಎರವಲು ಕೊಡಲು ನನ್ನ ಹತ್ತಿರ ಗಂಡನಿಲ್ಲ.

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಹೋದರು. ಜಗಳವೇನೂ ಆಗಲಿಲ್ಲ. ಬಟ್ಟೆಗಳನ್ನು ನೀಟಾಗಿ ಮಡಿಸಿ ಪೆಟ್ಟಿಗೆಗೆ ತುಂಬಿಕೊಟ್ಟವಳು ನಾನೇ, ಅದು ನನ್ನ ಕೆಲಸವಲ್ಲವೇ? "ನಿನ್ನ ಜೊತೆ ಇದ್ರೂ ಒಬ್ನೇ ಇದ್ದ ಹಾಗಿದೆ," ಎಂದರು. ನಿನಗೆ ಚಿನಕುರಳಿಯಾದವಳು ಅವರಿಗೆ ಮಾತಿಲ್ಲದವಳು ಹೇಗಾದೆನೋ ಗೊತ್ತಿಲ್ಲ.

ಅಂದಿನಿಂದ ನಿನಗೆ ಬಂದ ನಮಸ್ಕಾರಗಳೆಲ್ಲ ನನ್ನವೇ. ನಾನು ಆರಿಸಿದ ಚಿನ್ನ ಎಂದು ಕಾಗದ ಕಾಗದದಲ್ಲೂ ಬರೆಯುವವನಿಗೆ ಅದು ಹಿತ್ತಾಳೆ ಎಂದು ಹೇಗೆ ಬರೆಯಲಿ? ಹಿತ್ತಾಳೆಯೂ ಅಲ್ಲ ಬಿಡು. ಒಳ್ಳೆಯವರೇ. ಎದ್ದು ಹೋದರು ಅಷ್ಟೇ.

ರಜೆ ಕೇಳಿದೆ. ಕೊಡುವುದಿಲ್ಲ ಎಂದರು. ಹಾಗಾದರೆ ಮೇಲ್ವಿಚಾರಕಿಯ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ, ನಾನು ಬಂದು ಮತ್ತೆ ಇಸ್ತ್ರಿಗೆ ನಿಲ್ಲುತ್ತೇನೆ ಎಂದೆ. ಕೊಟ್ಟರು.

ಹತ್ತೊಂಬತ್ತಕ್ಕೆ ಅಲ್ಲಿರುತ್ತೇನೆ. ಈ ಕಾಗದ ನನಗಿಂತ ಮುಂಚೆ ಬಂದರೆ ದೊಡ್ಡ ಸರ್ಜನ್ನರಿಗೆ ತೋರಿಸು. ನಿನ್ನ ಕಡೆಯವಳು ದಾರಿಯಲ್ಲಿದ್ದಾಳೆ. ಆ ಕುರ್ಚಿಯನ್ನು ಇನ್ನು ಯಾರಿಗೂ ಕೊಡಬೇಡ.

ಮೇ 17

ಮಾವ,

ಬಂದು ತಲುಪಿದೆ. ಬಾಗಿಲು ತೆರೆದರೆ ಕೋಣೆಯಲ್ಲಿ ಒಂದು ತಿಂಗಳ ಹಳೆಯ ಗಾಳಿ. ಕಿಟಕಿ ತೆಗೆದು ಆ ಗೋಡೆಗೆ ನಮಸ್ಕಾರ ಹೇಳಿದೆ.

ಲಾಂಡ್ರಿಯಲ್ಲಿ ಈಗ ಇಸ್ತ್ರಿ ಮೇಜಿಗೆ ನಿಂತಿದ್ದೇನೆ. ಹುಡುಗಿಯರು ನನ್ನೆದುರೇ ಮಾತಾಡುತ್ತಾರೆ. ನಿನ್ನ ಕಥೆಗಳಲ್ಲಿ ಒಂದೆರಡನ್ನು ಹೇಳಿದೆ, ನಿನ್ನಷ್ಟು ಚೆನ್ನಾಗಿ ಹೇಳಲು ಬರಲಿಲ್ಲ.

ನಿನ್ನ ಮನೆಯಲ್ಲಿ ಕಾದ ದಿನಗಳಲ್ಲಿ ಹೇಳದ ಒಂದು ವಿಷಯ ಬರೆಯುತ್ತೇನೆ. ಬೆಳಿಗ್ಗೆ ನೀನು ಮಾತು ಶುರು ಮಾಡುವಾಗ ನಾನು ಕಥೆ ಕೇಳುತ್ತಿರಲಿಲ್ಲ, ಅಕ್ಷರ ಕೇಳುತ್ತಿದ್ದೆ. ಳ ಸರಿಯಾಗಿ ಬಂತೇ, ರ ಜಾರಿತೇ, ತುಟಿಯ ಎಡಗಡೆ ಇಳಿಯಿತೇ ಎಂದು. ನೀನು ಮಾಲೀಕರ ನಾಯಿಗೆ ನೀಲಿ ಬಣ್ಣ ಹಚ್ಚಿದ ಕಥೆಯನ್ನು ಮೂರು ದಿನ ಮೂರು ಥರ ಹೇಳಿದೆ. ಸುಳ್ಳು ಹಿಡಿದೆ ಎಂದು ನಕ್ಕೆನಲ್ಲ, ನಕ್ಕದ್ದು ಅದಕ್ಕಲ್ಲ. ಮೂರು ದಿನವೂ ಒಂದೇ ಒಂದು ಅಕ್ಷರ ತೊದಲಲಿಲ್ಲ ಎಂಬ ಸಂತೋಷಕ್ಕೆ. ಆಮೇಲೆ ಯಾವಾಗಿನಿಂದ ಕಥೆಯನ್ನೇ ಕೇಳಲು ಶುರು ಮಾಡಿದೆನೋ ಗೊತ್ತಾಗಲಿಲ್ಲ. ನಾನೂ ಮಾತಾಡಿದೆ. ಅಷ್ಟು ಮಾತು ನನ್ನೊಳಗೆ ಇತ್ತು ಎಂದು ನನಗೇ ಗೊತ್ತಿರಲಿಲ್ಲ.

ಕೊನೆಯ ಸ್ಕ್ಯಾನಿನ ದಿನ ಡಾಕ್ಟರಮ್ಮ ಬೆಳಕಿಗೆ ಹಿಡಿದು ತೋರಿಸಿದರಲ್ಲ, ಉಬ್ಬಿದ್ದ ಗೋಡೆ ಚಪ್ಪಟೆಯಾಗಿತ್ತು, ಬರೀ ರಕ್ತವೇ, ಕರಗಿಹೋಯಿತು ಎಂದು. ನೀನು, ನೋಡಿದ್ಯಾ, ನನ್ನ ಕಿಡ್ನಿ ನನ್ನ ಮಾತು ಕೇಳುತ್ತೆ ಎಂದು ದೊಡ್ಡ ಸರ್ಜನ್ನರ ಮುಂದೆ ಎದೆ ತಟ್ಟಿಕೊಂಡೆ. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಬಂದೆ.

ಇನ್ನು ಕೆಲವು ದಿನ ಇರೋಣ ಎಂದುಕೊಂಡಿದ್ದೆ. ನೀನು, ಹೊರಡು ಹೊರಡು, ನಿನ್ನಿಂದ ನನ್ನ ಇಸ್ಪೀಟು ಕೆಟ್ಟಿತು ಎಂದು ಚೀಲವನ್ನು ನೀನೇ ಬಾಗಿಲಿಗೆ ತಂದಿಟ್ಟೆ. ಅದಕ್ಕೆ ಹೊರಟೆ.

ಮಾತ್ರೆ ಮತ್ತೆ ಶುರುವಾಗಿದೆ, ರಕ್ತ ಪರೀಕ್ಷೆ ತಪ್ಪಿಸಬೇಡ. ಮಂಡಿ ನೋವಾದರೆ ಸಹಿಸಿಕೋ.

ಚಿನಕುರಳಿ

ಮೇ 26

ಚಿನಕುರಳಿ,

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ರಕ್ತ ಎಷ್ಟು ತೆಳುವಾಗಿರಬೇಕೋ ಅಷ್ಟೇ ಇದೆ, ಕೂದಲೆಳೆಯಷ್ಟು ಅತ್ತಿತ್ತ ಇಲ್ಲ. ಡಾಕ್ಟರಮ್ಮನ ಮುಖದಲ್ಲಿ ನಗು. "ಇನ್ನು ಪಕ್ಕದಲ್ಲಿ ಯಾರೂ ಬೇಕಾಗಿಲ್ಲ ಮೇಸ್ತ್ರಿ, ಆರಾಮಾಗಿ ಒಬ್ರೇ ಇರಬಹುದು," ಎಂದರು. ಸಂತೋಷದ ಸುದ್ದಿ. ನಾನೂ ಸಂತೋಷಪಟ್ಟೆ. ಆಸ್ಪತ್ರೆಯ ಹೊರಗೆ ಬಂದು ಎಡಕ್ಕೆ ಹೋಗಬೇಕಾದವನು ಬಲಕ್ಕೆ ತಿರುಗಿ, ಬಹಳ ದೂರ ಹೋದ ಮೇಲೆ ಹಿಂದಿರುಗಿದೆ. ದಾರಿ ತಪ್ಪಿದ್ದಲ್ಲ. ಮನೆಗೆ ಬೇಗ ಹೋಗಿ ಮಾಡುವುದೇನಿತ್ತು?

ಚೀಲ ತಂದಿಟ್ಟ ವಿಷಯ ಬರೆದಿದ್ದೀಯ. ನಿನ್ನ ಕೆಲಸ ನನ್ನಿಂದ ಇನ್ನೂ ಕೆಳಗಿಳಿಯಬಾರದು ಎಂದು ತಂದಿಟ್ಟೆ. ಆ ಚೀಲ ಭಾರವಿತ್ತು. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು, ನಿನಗೂ ಅದು ಗೊತ್ತಿತ್ತು. ನಮ್ಮಿಬ್ಬರಲ್ಲಿ ಒಬ್ಬರಾದರೂ ಕೈ ತಡೆಯಬಹುದಿತ್ತು ಎಂದು ಆಮೇಲೆ ಅನ್ನಿಸಿತು, ನಿನಗೂ ಹಾಗೆ ಅನ್ನಿಸಿತೇ ಎಂದು ಕೇಳಲು ಫೋನು ಎತ್ತಿದೆ. ಎತ್ತಿ ಇಟ್ಟೆ. ನೊಣದ ಭಾಷೆಯಲ್ಲಿ ಕೇಳುವ ಮಾತಲ್ಲ.

ಎದೆಯ ಗಡಿಯಾರ ನೆಟ್ಟಗೆ ನಡೆಯುತ್ತಿದೆ. ನೀನಿದ್ದ ದಿನಗಳಲ್ಲಿ ಅದರ ಸದ್ದು ಕೇಳಿಸುತ್ತಿರಲಿಲ್ಲ. ಕೆಟ್ಟಿದೆಯೇನೋ ಎಂದು ಆಗ ಡಾಕ್ಟರಮ್ಮನನ್ನು ಕೇಳಿಯೂ ಇದ್ದೆ.

ನಿನ್ನ ಕೋಣೆಯನ್ನು ಗುಡಿಸಿಟ್ಟಿದ್ದೇನೆ. ಅದರ ಕಿಟಕಿಯಿಂದ ಬೀದಿ ಕಾಣುತ್ತದೆ, ತರಕಾರಿ ಗಾಡಿಯವನು ದಿನವೂ ಯಾರ ಜೊತೆಗೋ ಜಗಳವಾಡುವುದೂ ಕಾಣುತ್ತದೆ. ಈ ಊರಿನಲ್ಲೂ ಹೋಟೆಲುಗಳಿವೆ. ಅವುಗಳ ಹಾಸುಗಳ ಮೇಲೂ ಕಲೆಗಳಿರುತ್ತವೆ.

ಇವತ್ತು ಬೆಳಿಗ್ಗೆ ನನಗೊಂದು ಉಪಾಯ ಹೊಳೆಯಿತು. ನಿನ್ನೆಯಿಂದ ಮಾತು ತೊದಲುತ್ತಿದೆ ಎಂದು ಒಂದು ಸಾಲು ಬರೆದರೆ ಸಾಕು, ನೀನು ಬಿದ್ದು ಎದ್ದು ಓಡಿಬರುತ್ತೀಯ. ಬರೆದೆ ಕೂಡ. ನಂಬಿಕೆ ಬರಲೆಂದು ಅಕ್ಷರವನ್ನೂ ಸ್ವಲ್ಪ ಸೊಟ್ಟಗೆ ಬರೆದೆ, ನನ್ನಂಥ ಅಕ್ಷರದವನಿಗೆ ಅದು ಎಷ್ಟು ಕಷ್ಟ ಗೊತ್ತೇ? ಓದಿ ನೋಡಿದೆ. ಆಮೇಲೆ ಹರಿದು ಹಾಕಿದೆ.

ನನ್ನ ಮಾತು ಚೆನ್ನಾಗಿದೆ. ಬಾಯಿ ನೆಟ್ಟಗಿದೆ. ಪಕ್ಕೆನೋವು ಇಲ್ಲ. ಮೂತ್ರ ನೀರಿನಷ್ಟು ತಿಳಿಯಾಗಿದೆ, ಬಣ್ಣದವನಿಗೆ ಹೇಳಿಕೊಳ್ಳಲು ಏನೂ ಇಲ್ಲ. ನೀನು ಬರಲು ಒಂದು ಕಾರಣವೂ ಇಲ್ಲ.

ಬಾ.

ಮಾವ